ಮೂಲೆಮಟ್ಟ ಟೀಚರೂ ಉದ್ದದ ಕಂಬವೂ

ಏಳನೇ ತರಗತಿಯ ಗಣಿತದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಮೂಲೆಮಟ್ಟ. ಬಡಗಿ ಚೌಕಟ್ಟಿನ ಮೂಲೆ ಸರಿಯಾಗಿ ಕೂತಿದೆಯೇ ಎಂದು ಇಟ್ಟು ನೋಡುತ್ತಾನಲ್ಲ, ಆ ಸಾಧನ. ಹೆಸರಿಟ್ಟ ಪುಣ್ಯಾತ್ಮರು ಯಾವುದೋ ಹಳೆಯ ಬ್ಯಾಚಿನವರು. ಅವರೆಲ್ಲ ಈಗ ಹೊಟ್ಟೆ ಬೆಳೆಸಿಕೊಂಡು ತಮ್ಮ ಮಕ್ಕಳನ್ನು ಅದೇ ಶಾಲೆಗೆ ಸೇರಿಸಲು ಬರುತ್ತಾರೆ. ಹೆಸರಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ. ಟೀಚರಿಗೆ ಈ ಹೆಸರು ಗೊತ್ತು. ಗೊತ್ತಿಲ್ಲದವರಂತೆ ಇರುವುದು ಅವರ ಘನತೆ. ಗೊತ್ತಿದೆ ಎನ್ನುವುದು ಮಕ್ಕಳಿಗೂ ಗೊತ್ತಿರುವುದು ಅವರ ಹಣೆಬರಹ.

ಹೆಸರು ಸುಮ್ಮನೆ ಬಂದದ್ದಲ್ಲ. ಡಸ್ಟರು ಮೇಜಿನ ಅಂಚಿಗೆ ಸಮಾನಾಂತರವಾಗಿ ಇರದಿದ್ದರೆ ಅವರ ಬಾಯಿಂದ ಪಾಠ ಹೊರಡುವುದಿಲ್ಲ. ಮಕ್ಕಳ ಪುಸ್ತಕದಲ್ಲಿ ಮಾರ್ಜಿನ್ ಗೆರೆ ಸೊಟ್ಟಗಿದ್ದರೆ ಉತ್ತರ ಸರಿಯಿದ್ದರೂ ಹುಬ್ಬು ಸೊಟ್ಟಗಾಗುತ್ತದೆ. ಟೀಚರ ಅಪ್ಪ ದರ್ಜಿಯಾಗಿದ್ದವರು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಒಂದು ಬೆರಳು ಆಚೆ ಹೋದರೆ ಗಿರಾಕಿಯ ತೋಳು ಒಳಗೆ ಹೋಗುವುದಿಲ್ಲ ಎಂಬ ಸತ್ಯವನ್ನು ಮಗಳು ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು ಕಲಿತಿದ್ದಳು. ಆಮೇಲೆ ಅಪ್ಪನ ಸೀಮೆಸುಣ್ಣ ಮಗಳ ಕೈಗೆ ಬಂತು. ಬಟ್ಟೆ ಹೋಗಿ ಬೋರ್ಡು ಬಂತು. ಅಷ್ಟೇ ವ್ಯತ್ಯಾಸ.

ಹೀಗೆ ನೆಟ್ಟಗೆ ನಡೆಯುತ್ತಿದ್ದ ಬದುಕಿಗೆ ಹೊಸ ಹೆಡ್ ಮೇಡಂ ಬಂದರು. ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯರು, ಉತ್ಸಾಹದಲ್ಲಿ ಎಲ್ಲರಿಗಿಂತ ಹಿರಿಯರು. ಎಲ್ಲೋ ತರಬೇತಿಗೆ ಹೋಗಿ ಬಂದವರೇ ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಕೂರಿಸಿದರು.

"ಇನ್ಮೇಲೆ ಬಾಯಿಪಾಠ ಬಂದ್. ಪ್ರಾಜೆಕ್ಟ್ ಮೂಲಕ ಕಲಿಕೆ. ಮಕ್ಕಳೇ ಪ್ರಶ್ನೆ ಕೇಳ್ತಾರೆ, ಮಕ್ಕಳೇ ಮಾಡ್ತಾರೆ, ಮಕ್ಕಳೇ ಕಲೀತಾರೆ. ನೀವ್ಯಾರೂ ಕಲಿಸೋರಲ್ಲ. ಬರೀ ಅನುವು ಮಾಡಿಕೊಡೋರು."

"ಸಂಬಳಾನೂ ಬರೀ ಅನುವು ಮಾಡಿಕೊಡ್ತಾರೇನೋ," ಎಂದು ಕನ್ನಡ ಪಂಡಿತರು ಪಕ್ಕದಲ್ಲಿ ಗೊಣಗಿದರು. ನಿವೃತ್ತಿಗೆ ಹತ್ತಿರ ಬಂದ ಪಂಡಿತರಿಗೆ ಗೊಣಗುವುದೇ ವ್ಯಾಯಾಮ.

ಟೀಚರು ಮಾತ್ರ ಗೊಣಗಲಿಲ್ಲ. ಬಾಯಿಪಾಠವನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗದು. ಮಗ್ಗಿ ಒಪ್ಪಿಸುವ ಹುಡುಗನಿಗೆ ಎಂಟು ಪೆನ್ಸಿಲನ್ನು ಎರಡು ಪಾಲು ಮಾಡಲು ಬರುವುದಿಲ್ಲ ಎಂದು ಸಂಕಟಪಟ್ಟವರು. ಆದ್ದರಿಂದ ವಿಷಯ "ನೀರು" ಎಂದು ಬೋರ್ಡಿನ ಮೇಲೆ ನೇರವಾದ ಗೆರೆ ಹಾಕಿ ಬರೆದು, ಎರಡು ವಾರ ಟೈಮು ಕೊಟ್ಟು, ನಂಬಿಕೆಯಿಂದ ಮನೆಗೆ ಕಳಿಸಿದರು.

ಎರಡು ವಾರದ ಮೇಲೆ ಮಕ್ಕಳು ಬರಲಿಲ್ಲ, ಮೆರವಣಿಗೆ ಬಂತು. ಮುಂದೆ ಮಕ್ಕಳು, ಹಿಂದೆ ದೊಡ್ಡ ದೊಡ್ಡ ಮಾಡೆಲ್ಲು ಹೊತ್ತ ಅಪ್ಪಂದಿರು, ಅವರ ಹಿಂದೆ "ಹುಷಾರು ರೀ, ಅಂಟು ಇನ್ನೂ ಆರಿಲ್ಲ" ಎನ್ನುವ ಅಮ್ಮಂದಿರು. ಹಿಂದಿನ ಕಾಲದಲ್ಲಿ ಮೇಷ್ಟ್ರ ಕೈಯಲ್ಲಿ ಕೋಲು ಇರುತ್ತಿತ್ತು; ಅದನ್ನು ಕಿತ್ತುಕೊಂಡು ಮಕ್ಕಳ ಕೈಗೆ ಥರ್ಮಾಕೋಲು ಕೊಟ್ಟಿದ್ದೇವೆ, ಏಟು ಮಾತ್ರ ಈಗಲೂ ಬೀಳುತ್ತಿದೆ, ಯಾರಿಗೆ ಎಂದು ಅಪ್ಪಂದಿರನ್ನು ಕೇಳಿ. ಹಲ್ಲಿನ ಡಾಕ್ಟರ ಮಗಳು ತಂದದ್ದು ಅಣೆಕಟ್ಟು. ಹಲ್ಲು ಕಟ್ಟುವ ಪ್ಲಾಸ್ಟರಿನಲ್ಲೇ ಅಪ್ಪ ಅಣೆ ಕಟ್ಟಿದ್ದರು. ತೂಬುಗಳು ಬಾಚಿಹಲ್ಲಿನ ಸಾಲಿನ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಎಲೆಕ್ಟ್ರಿಶಿಯನ್ನರ ಮಗ ಮೋಟಾರು ಹಾಕಿದ ಕಾರಂಜಿ ತಂದಿದ್ದ. ಸ್ವಿಚ್ಚು ಒತ್ತಿದರೆ ಅದು ನೇರವಾಗಿ ಹಾಜರಿ ಪುಸ್ತಕಕ್ಕೆ ಚಿಮ್ಮಿತು.

"ತೂಬು ತೆಗೆದರೆ ನೀರು ಯಾಕೆ ಅಷ್ಟು ಜೋರಾಗಿ ಬರತ್ತಮ್ಮ?" ಎಂದು ಟೀಚರು ಡಾಕ್ಟರ ಮಗಳನ್ನು ಕೇಳಿದರು.

"ಗೊತ್ತಿಲ್ಲ ಮಿಸ್. ಅಪ್ಪ ಅದನ್ನ ಮುಟ್ಟಬೇಡ ಅಂದಿದಾರೆ."

ಮಾಡಿ ಕಲಿಯುವುದು ಎಂದರೆ ಮುಟ್ಟದೆ ಕಲಿಯುವುದು ಎಂದಾಗಿತ್ತು. ಅಂಕ ಕೊಟ್ಟ ದಿನ ಸಂಜೆ ಒಬ್ಬ ತಾಯಿ ಫೋನು ಮಾಡಿದರು: "ನಮಗ್ಯಾಕೆ ಮಿಸ್ ಬಿ ಗ್ರೇಡು? ರಾತ್ರಿಯೆಲ್ಲಾ ಕೂತು ಮಾಡಿದೀವಿ." ಮಗನ ಹೆಸರು ಆ ಇಡೀ ಮಾತುಕತೆಯಲ್ಲಿ ಒಂದು ಸಲವೂ ಬರಲಿಲ್ಲ.

ಟೀಚರು ನಾಲ್ಕು ಮಾತು ಬೈದು ಫೋನಿಟ್ಟು, ನಿಟ್ಟುಸಿರು ಬಿಟ್ಟು, ಊಟದ ಮೇಜಿನ ಬಳಿ ಬಂದು ಕೂತರು. ಮೇಜಿನ ಮೇಲೆ ಊಟ ಇರಲಿಲ್ಲ, ಮನುಷ್ಯನ ಹೃದಯವಿತ್ತು. ಬೇರೆ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುವ ಮಗಳ ಪ್ರಾಜೆಕ್ಟು. ವಿಮಾ ಕಚೇರಿಯ ಗುಮಾಸ್ತರಾದ ಗಂಡ ಕೆಂಪು ಬಣ್ಣ ಬಳಿಯುತ್ತಿದ್ದರು. ಟೀಚರು ಕತ್ತರಿ ಎತ್ತಿಕೊಂಡು ಮಹಾಪಧಮನಿಯನ್ನು ನೀಟಾಗಿ ಕತ್ತರಿಸಲು ಶುರು ಮಾಡಿದರು. ಮಗಳು ಸೋಫಾದಲ್ಲಿ ನಿದ್ದೆ ಹೋಗಿದ್ದಳು.

ಅತ್ತೆ ಒಳಗಿನಿಂದ ಬಂದು ಎಲ್ಲವನ್ನೂ ಒಮ್ಮೆ ನೋಡಿದರು.

"ಯಾರನ್ನಮ್ಮ ಈಗ ಫೋನಲ್ಲಿ ಬೈದೆ?"

"ಮಗನ ಕೆಲಸ ತಾನೇ ಮಾಡೋ ಒಬ್ಬ ತಾಯೀನ, ಅತ್ತೆ."

"ಸರಿ ಸರಿ. ಆ ಕತ್ತರಿ ಹುಷಾರು. ಹೃದಯ ನಿಂದಲ್ಲ, ನಿನ್ನ ಮಗಳದು."

ಗಂಡ ನಗಬೇಕೋ ಬೇಡವೋ ತಿಳಿಯದೆ ಎಡ ಹೃತ್ಕರ್ಣಕ್ಕೆ ಎರಡನೇ ಕೋಟ್ ಹೊಡೆದರು. ಟೀಚರು ಕತ್ತರಿ ಕೆಳಗಿಟ್ಟು ಮಗಳನ್ನು ಎಬ್ಬಿಸಿದರು. ಆ ಹೃದಯ ಆಮೇಲೆ ಆಲೂಗಡ್ಡೆಯ ಹಾಗಾಯಿತು, ಆದರೆ ಅದರ ಕವಾಟ ಎಲ್ಲಿದೆ ಎಂದು ಕೇಳಿದರೆ ಮಗಳು ತೋರಿಸುತ್ತಿದ್ದಳು.

ಮರುದಿನ ಏಳನೇ ತರಗತಿಯ ಬೋರ್ಡಿನ ಮೇಲೆ ಹೊಸ ಕಾನೂನು ಬಂತು. ಇನ್ನು ಮುಂದೆ ಪ್ರಾಜೆಕ್ಟು ಈ ಬಾಗಿಲು ದಾಟಿ ಮನೆಗೆ ಹೋಗುವಂತಿಲ್ಲ. ಮನೆಯವರ ಕೈ, ಅಂಗಡಿಯ ಸಾಮಾನು, ಮಿನುಗುವ ಬಲ್ಬು, ಯಾವುದೂ ಇಲ್ಲ. ಪ್ರಶ್ನೆ ನಿಮ್ಮದು, ಉತ್ತರ ನಿಮ್ಮದು.

"ಯಾವ ಪ್ರಶ್ನೆ ಬೇಕಾದ್ರೂ ಕೇಳಬಹುದಾ ಮಿಸ್?" ಎಂದಳು ಎರಡನೇ ಬೆಂಚಿನ ಹುಡುಗಿ. ಬಾಯಿ ತೆರೆದರೆ ಪ್ರಶ್ನೆ ಬಿಟ್ಟು ಬೇರೇನೂ ಬಾರದ ಕಾರಣ ಅವಳಿಗೆ ಗೆಳತಿಯರು ಇಟ್ಟ ಹೆಸರು ಪ್ರಶ್ನೆಪತ್ರಿಕೆ.

"ಕೇಳು."

"ಮಧ್ಯಾಹ್ನ ಕೈ ತೊಳೆಯೋ ಸಾಲು ಯಾಕೆ ಮುಗಿಯೋದೇ ಇಲ್ಲ? ನಮ್ಮ ಸರದಿ ಬರೋ ಹೊತ್ತಿಗೆ ಬೆಲ್ಲಾಗತ್ತೆ. ಅರ್ಧ ಊಟ ಹಾಗೇ ಉಳಿಯತ್ತೆ. ಮೂರನೇ ಕ್ಲಾಸಿನ ಚಿಕ್ಕವ್ರು ಕೈ ತೊಳೆಯೋದೇ ಬಿಟ್ಟಿದಾರೆ, ಯೂನಿಫಾರಮ್ಮಿಗೆ ಒರೆಸ್ಕೊಂಡು ತಿಂತಾರೆ."

ತರಗತಿ ಒಮ್ಮೆಲೇ ಗಲಗಲ ಎಂದಿತು. ಎಲ್ಲರಿಗೂ ಹಸಿವಿನ ಅನುಭವವಿತ್ತು. ಇಡೀ ಶಾಲೆಗೆ ಹಿಂಬದಿಯ ಜಗುಲಿಯಲ್ಲಿ ನಾಲ್ಕೇ ನಲ್ಲಿಗಳು. ಅಲ್ಲಿ ಯಾರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆಯುವುದೇ ಪ್ರಾಜೆಕ್ಟು ಎಂದು ತೀರ್ಮಾನವಾಯಿತು.

ತೀರ್ಮಾನ ಸುಲಭ, ಅಳತೆ ಕಷ್ಟ. ಗುಂಪಿನಲ್ಲಿ ಕಲಿಯಿರಿ ಎಂದರೆ ಮಕ್ಕಳು ಗುಂಪುಗಾರಿಕೆ ಕಲಿತರು. ಗಡಿಯಾರ ಹಿಡಿಯುವವರು ಬರೆಯುವವರ ಜೊತೆ ಮಾತು ಬಿಟ್ಟರು. ಬರೆಯುವವರು "ಅವನು ತನ್ನ ತಮ್ಮನಿಗೆ ಕಡಿಮೆ ಟೈಮು ಹೇಳ್ತಾನೆ ಮಿಸ್" ಎಂದು ದೂರು ತಂದರು. ಒಬ್ಬ ಹುಡುಗ ಎಲ್ಲರ ಹೆಸರಿನ ಮುಂದೆ "ಸುಮಾರು" ಎಂದು ಬರೆದಿದ್ದ.

"ಸುಮಾರು ಅಂದ್ರೆ ಎಷ್ಟಪ್ಪ?"

"ಸುಮಾರಾಗಿ ಅಂದ್ರೆ... ಸುಮಾರು ಮಿಸ್."

"ನಿನ್ನ ಮಾರ್ಕ್ಸೂ ಹಾಗೇ ಬರೀಲಾ? ಸುಮಾರು ಪಾಸು?"

ಟೀಚರಿಗೆ ತಲೆ ಚಿಟ್ಟುಹಿಡಿಯಿತು. ಪಾಠ ಹೇಳಿ ಮುಗಿಸಿದ್ದರೆ ಇಷ್ಟು ಹೊತ್ತಿಗೆ ಭಿನ್ನರಾಶಿ ದಾಟಿ ಬೀಜಗಣಿತಕ್ಕೆ ಹೋಗಿರುತ್ತಿದ್ದರು. ಯೋಚನೆ ಇಲ್ಲದೆ ಯೋಜನೆಗೆ ಇಳಿದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಆದರೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದು ಮಾತು ಹೇಳಿದರು, ಆ ಮಾತೇ ಆಮೇಲೆ ಕುತ್ತಿಗೆಗೆ ಬಂತು: "ನಲ್ಲಿ ಹತ್ರ ಯಾರೇ ಬರಲಿ, ಬರೀಬೇಕು. ಗೆಳೆಯ ಅಂತ ಬಿಡಬಾರದು, ದೊಡ್ಡವರು ಅಂತ ಬಿಡಬಾರದು. ಅಳತೆಗೆ ಮುಖ ಮೂತಿ ಇಲ್ಲ."

ಮುಖ ಮೂತಿ ಇಲ್ಲದ ಅಳತೆಯನ್ನು ಮಕ್ಕಳು ದೊಡ್ಡ ಹಾಳೆಯ ಮೇಲೆ ಸ್ತಂಭಾಲೇಖವಾಗಿ ಬರೆದು ತಂದರು. ತರಗತಿಗೊಂದು ಕಂಬ. ಒಬ್ಬೊಬ್ಬರು ನಲ್ಲಿಯ ಮುಂದೆ ಎಷ್ಟು ಹೊತ್ತು ನಿಂತರು ಎನ್ನುವುದು ಅದರ ಎತ್ತರ. ಮೂರನೆಯದು, ನಾಲ್ಕನೆಯದು, ಐದನೆಯದು, ಎಲ್ಲವೂ ಗೇಣುದ್ದದ ಕುಳ್ಳ ಕಂಬಗಳು. ಕೊನೆಯಲ್ಲಿ ಮಾತ್ರ ಒಂದು ಕಂಬ ಹಾಳೆಯ ಮೇಲಿನ ಅಂಚನ್ನು ಮುಟ್ಟಿ, ಜಾಗ ಸಾಲದೆ, ಇನ್ನೊಂದು ತುಂಡು ಹಾಳೆ ಅಂಟಿಸಿಕೊಂಡು ಮೇಲೆ ಹೋಗಿತ್ತು.

"ಇದ್ಯಾವ ಕ್ಲಾಸು?"

ಮಕ್ಕಳು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಕೊನೆಗೆ ಪ್ರಶ್ನೆಪತ್ರಿಕೆಯೇ ಉತ್ತರ ಕೊಟ್ಟಳು. "ಟೀಚರ್‌ಗಳು ಮಿಸ್. ನೀವು ಬಂದಾಗ ನಾವು ಸರಿದು ಜಾಗ ಬಿಡ್ತೀವಲ್ಲ. ನಾವು ಬರೀ ಕೈ ತೊಳೀತೀವಿ. ಟೀಚರ್‌ಗಳು ಊಟ ಮುಗಿಸಿ ಬಂದು ಡಬ್ಬೀನೂ ತೊಳೀತಾರೆ. ಅಷ್ಟು ಹೊತ್ತೂ ಸಾಲು ನಿಂತಿರತ್ತೆ."

"ಎಲ್ಲಾ ಟೀಚರ್‌ಗಳೂ ಅಷ್ಟು ಹೊತ್ತು ತಗೊಳ್ತಾರಾ?"

"ಇಲ್ಲ ಮಿಸ್. ಪಂಡಿತರು ಬರೀ ನೀರು ಕುಲುಕಿ ಚೆಲ್ಲಿ ಹೋಗ್ತಾರೆ." ಹುಡುಗಿ ನೆಲ ನೋಡಿದಳು. "ನಿಮ್ಮ ಡಬ್ಬಿ ಚೌಕ ಅಲ್ವಾ ಮಿಸ್. ಮೂಲೆ ಮೂಲೆ ಉಜ್ತೀರಾ."

ಹಿಂದಿನ ಬೆಂಚಿನಲ್ಲಿ ಯಾರೋ ನಗು ತಡೆಯಲು ಹೋಗಿ ಕೆಮ್ಮಿದರು. ಟೀಚರ ಕಿವಿ ಬಿಸಿಯಾಯಿತು.

"ನನ್ನ ಡಬ್ಬಿ ವಿಷಯ ನಿಮಗ್ಯಾಕ್ರೋ? ಪ್ರಾಜೆಕ್ಟು ಮಾಡಿ ಅಂದ್ರೆ ಪತ್ತೇದಾರಿಕೆ ಮಾಡ್ತೀರಾ?" ಎಂದು ರೇಗಿ ಹಾಳೆ ಸುತ್ತಿಕೊಂಡು ಹೊರಟರು. ಅಳತೆಯಲ್ಲಿ ತಪ್ಪಿರಲೇಬೇಕು ಎಂದು ಸ್ಟಾಫ್ ರೂಮಿನಲ್ಲಿ ಕೂತು ಲೆಕ್ಕವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. ತಪ್ಪಿರಲಿಲ್ಲ. ಅವರ ಇಷ್ಟು ವರ್ಷದ ಕೆಲಸದಲ್ಲಿ ಏಳನೇ ತರಗತಿ ಇಷ್ಟು ಚೊಕ್ಕವಾಗಿ ಲೆಕ್ಕ ಮಾಡಿದ್ದು ಇದೇ ಮೊದಲು. ಸಿಟ್ಟು ಇನ್ನೂ ಹೆಚ್ಚಾಯಿತು.

ಶಾಲೆಯ ಪ್ರಾಜೆಕ್ಟು ಪ್ರದರ್ಶನಕ್ಕೆ ವಾರವಿತ್ತು. ಪೋಷಕರು, ಶಾಲಾ ಸಮಿತಿಯ ಅಧ್ಯಕ್ಷರು, ಎಲ್ಲರೂ ಬರುವವರು. ಹೆಡ್ ಮೇಡಂ ಹಾಳೆ ಬಿಡಿಸಿ ನೋಡಿದವರೇ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಇದನ್ನ ಗೋಡೆಗೆ ಹಾಕ್ತೀರಾ? ಅಧ್ಯಕ್ಷರ ಮುಂದೆ? ನಮ್ಮ ಮಾನ ನಾವೇ ಹರಾಜು ಹಾಕಿದ ಹಾಗೆ."

"ಮಕ್ಕಳು ಅಳೆದು ತಂದಿದ್ದು ಮೇಡಂ."

"ನೀವು ಗಣಿತದವರಲ್ವಾ? ಸರಾಸರಿ ಮಾಡಿ. ಎಲ್ಲಾ ಸೇರಿಸಿ ಒಂದೇ ಕಂಬ ಹಾಕಿ. ಸುಳ್ಳೂ ಅಲ್ಲ, ಗಲಾಟೆನೂ ಇಲ್ಲ. ಇಲ್ಲಾಂದ್ರೆ ನಿಮ್ಮ ಪ್ರಾಜೆಕ್ಟ್ ಪಿರಿಯಡ್ಡು ಬೇರೆಯವರಿಗೆ ಕೊಡಬೇಕಾಗತ್ತೆ."

ಒಂದು ತಿಂಗಳ ಹಿಂದೆ ಈ ಮಾತು ಬಂದಿದ್ದರೆ ಟೀಚರು ಪಿರಿಯಡ್ಡನ್ನು ತಟ್ಟೆಯಲ್ಲಿಟ್ಟು ಕೊಟ್ಟುಬಿಡುತ್ತಿದ್ದರು. ಈಗ ಯಾಕೋ ಕೊಡಲು ಮನಸ್ಸು ಬರಲಿಲ್ಲ. ಕೊಟ್ಟರೆ ಮಕ್ಕಳು ಮತ್ತೆ ಥರ್ಮಾಕೋಲಿಗೆ, ಮೂರನೇ ತರಗತಿಯವರ ಕೈ ಮತ್ತೆ ಯೂನಿಫಾರಮ್ಮಿಗೆ. ಆದರೂ ಸರಾಸರಿ ಎನ್ನುವುದು ಪಠ್ಯಪುಸ್ತಕದಲ್ಲೇ ಇದೆ, ತಾವೇ ಕಲಿಸುವುದು. ಸರಾಸರಿ ಮಾಡಿದರೆ ಎಲ್ಲಾ ಸರಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ತರಗತಿಗೆ ಹೋಗಿ ಬೋರ್ಡಿನ ಮೇಲೆ ಸೂತ್ರ ಬರೆದರು. ಮಕ್ಕಳು ಕೂಡಿದರು, ಭಾಗಿಸಿದರು. ಒಂದೇ ಒಂದು ಕುಳ್ಳ ಕಂಬ ಬಂತು.

"ಮಿಸ್," ಎಂದಳು ಪ್ರಶ್ನೆಪತ್ರಿಕೆ, "ಇದರ ಪ್ರಕಾರ ನೀವೂ ನಾನೂ ನಲ್ಲಿ ಹತ್ರ ಅಷ್ಟಷ್ಟೇ ಹೊತ್ತು ನಿಂತ್ವಿ."

"ಹೂಂ."

"ಆದ್ರೆ ನಿಂತಿಲ್ವಲ್ಲ?"

ಮೂಲೆಮಟ್ಟ ಟೀಚರು ಬೋರ್ಡಿನ ಕಡೆಗೇ ತಿರುಗಿ ನಿಂತಿದ್ದರು. ಗೆರೆ ಎಳೆದದ್ದು ನೇರವಾಗಿಯೇ ಇತ್ತು. ಡಸ್ಟರು ತೆಗೆದುಕೊಂಡು ಅದನ್ನು ಒರೆಸಿ, ಹಾಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಹೆಡ್ ಮೇಡಂ ಕೋಣೆಗೆ ನಡೆದರು.

"ಆ ಕಂಬ ತೆಗೆಯೋಕಾಗಲ್ಲ ಮೇಡಂ."

"ಹಾಗಾದ್ರೆ ನಿಮ್ಮ ಗೋಡೆ ಖಾಲಿ ಇರಲಿ."

"ಇರಲಿ. ಖಾಲಿ ಗೋಡೆ ಮುಂದೆ ಮಕ್ಕಳು ನಿಂತಿರ್ತಾರೆ. ಯಾಕೆ ಖಾಲಿ ಅಂತ ಯಾರಾದ್ರೂ ಕೇಳಿದ್ರೆ ಅವರೇ ಹೇಳ್ತಾರೆ."

ಹೆಡ್ ಮೇಡಂ ಕಣ್ಣ ಮುಂದೆ ಖಾಲಿ ಗೋಡೆಯೂ ಅದರ ಮುಂದೆ ಪ್ರಶ್ನೆಪತ್ರಿಕೆಯೂ ಬಂದು ನಿಂತಿರಬೇಕು. ಧ್ವನಿ ಇಳಿಸಿದರು. "ಆಯ್ತು, ಕಂಬ ಇರಲಿ. ಕೆಳಗಡೆ ಟೀಚರ್‌ಗಳು ಅಂತ ಬೇಡ. ಇತರರು ಅಂತ ಬರೀರಿ. ಅಷ್ಟಾದ್ರೂ ಮಾಡಿ."

ಟೀಚರು ಸುಸ್ತಾಗಿದ್ದರು. ಹಿಡಿದ ಹಗ್ಗ ಪೂರ್ತಿ ಕೈಬಿಡುವುದಕ್ಕಿಂತ ಒಂದು ಮೊಳ ಸಡಿಲ ಬಿಡುವುದು ವಾಸಿ ಎನಿಸಿತು. "ಇತರರು" ಎಂದು ಚೀಟಿ ಬರೆದು ಅಂಟಿಸಿದರು. ಮಕ್ಕಳು ಅದನ್ನು ನೋಡಿದರು, ಅವರನ್ನು ನೋಡಿದರು, ತಮ್ಮ ತಮ್ಮ ಬೆಂಚಿಗೆ ಹೋದರು. ಏನಾದರೂ ಅಂದಿದ್ದರೇ ಚೆನ್ನಾಗಿತ್ತು.

ಪ್ರದರ್ಶನದ ದಿನ ಪಕ್ಕದ ತರಗತಿಯಲ್ಲಿ ಜ್ವಾಲಾಮುಖಿ ಕೆಂಪು ಬಲ್ಬು ಹಾಕಿಕೊಂಡು ಉರಿಯುತ್ತಿತ್ತು, ಜನವೆಲ್ಲ ಅಲ್ಲೇ. ಏಳನೇ ತರಗತಿಯ ಗೋಡೆಯ ಮುಂದೆ ಬಂದವರು ಒಂದಿಬ್ಬರು, ಅವರೂ ಬಾಗಿಲು ತಪ್ಪಿ ಬಂದವರು. ಕೊನೆಗೆ ಅಧ್ಯಕ್ಷರು ಬಂದರು. ಕಟ್ಟಡ ಕಟ್ಟುವ ಕಂಟ್ರಾಕ್ಟರು ಅವರು. ಕಂಬ ಕಂಡರೆ ನಿಲ್ಲುವ ಅಭ್ಯಾಸ.

"ಇದೇನಮ್ಮ, ಈ ಕಂಬ ಸ್ಲ್ಯಾಬು ದಾಟಿ ಹೋಗಿದೆ?"

ಮಕ್ಕಳು ವಿವರಿಸಿದರು, ನಲ್ಲಿ, ಸಾಲು, ಅರ್ಧ ಊಟ. ಅಧ್ಯಕ್ಷರು ಮುಖ ಗಂಟು ಹಾಕಿದರು. "ಇತರರು ಅಂದ್ರೆ? ಹೊರಗಿನವರು ಒಳಗೆ ಬಂದು ನೀರು ಹಿಡೀತಾರಾ? ಕಾವಲಿನವನು ಏನು ಮಾಡ್ತಿದಾನೆ?"

ಹೆಡ್ ಮೇಡಂ ಕಿಟಕಿ ನೋಡಿದರು. ಅಧ್ಯಕ್ಷರ ಕಣ್ಣು ಕೋಣೆಯೆಲ್ಲ ಸುತ್ತಿ, ನೀರಿನ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಯಮ್ಮನ ಮೇಲೆ ಬಿತ್ತು.

"ಓ, ಕೆಲಸದವರಾ? ನೆಲ ಒರೆಸೋ ಬಕೆಟ್ಟು ಮಕ್ಕಳ ನಲ್ಲೀಲಿ ತುಂಬ್ತೀಯೇನಮ್ಮ, ಊಟದ ಹೊತ್ತಲ್ಲಿ?"

"ಇಲ್ಲ ಸ್ವಾಮಿ, ನಾನು ಬೆಳಿಗ್ಗೇನೇ..." ಆಯಮ್ಮ ತಟ್ಟೆಯ ಸಮೇತ ಒಂದು ಹೆಜ್ಜೆ ಹಿಂದೆ ಸರಿದರು.

"ಮತ್ಯಾರು? ಮೇಡಂ, ಇವರನ್ನ ವಿಚಾರಿಸಿ. ಮಕ್ಕಳು ಉಪವಾಸ ಇರೋದು ಅಂದ್ರೇನು!"

ಏಳನೇ ತರಗತಿಯ ಅಷ್ಟೂ ಕಣ್ಣುಗಳು ಈಗ ಟೀಚರ ಮೇಲಿದ್ದವು. ಟೀಚರು ಎರಡು ಹೆಜ್ಜೆ ಮುಂದೆ ಬಂದು ಉಗುರಿನಿಂದ ಚೀಟಿಯನ್ನು ಕೆರೆದು ಕಿತ್ತರು. ಅಂಟು ಗಟ್ಟಿಯಾಗಿತ್ತು, ಅರ್ಧ ಮಾತ್ರ ಬಂತು.

"ಅವರನ್ನ ಬಿಡಿ ಸರ್. ಇತರರು ಅಂದ್ರೆ ನಾವು. ಟೀಚರ್‌ಗಳು. ಮಕ್ಕಳನ್ನ ಸರಿಸಿ ಮುಂದೆ ಹೋಗಿ ಡಬ್ಬಿ ತೊಳೀತೀವಿ. ಎಲ್ಲರಿಗಿಂತ ಜಾಸ್ತಿ ಹೊತ್ತು ನಿಲ್ಲೋಳು ನಾನು. ಇತರರು ಅಂತ ಚೀಟಿ ಅಂಟಿಸಿದೋಳೂ ನಾನೇ, ಮಕ್ಕಳಲ್ಲ."

ಅಧ್ಯಕ್ಷರು ಕಂಬ ನೋಡಿದರು, ಟೀಚರನ್ನು ನೋಡಿದರು. "ಒಂದು ಡಬ್ಬಿಗೆ ಇಷ್ಟು ಹೊತ್ತಾ?"

"ನಾಲ್ಕು ಮೂಲೆ ಇದೆ ಸರ್."

ಮೊದಲು ನಕ್ಕವನು "ಸುಮಾರು" ಹುಡುಗ. ಆಮೇಲೆ ತರಗತಿ ಪೂರ್ತಿ. ಆಮೇಲೆ, ತಡೆದು ತಡೆದು, ಅಧ್ಯಕ್ಷರು. ಇನ್ನೆರಡು ನಲ್ಲಿ ಹಾಕಿಸುತ್ತೇನೆ ಎಂದು ಭರವಸೆ ಕೊಟ್ಟು ಜ್ವಾಲಾಮುಖಿಗೆ ಮೊದಲ ಬಹುಮಾನ ಕೊಡಲು ಹೋದರು. ಕಂಟ್ರಾಕ್ಟರ ಭರವಸೆ ಯಾವ ಮೂಲೆಮಟ್ಟಕ್ಕೂ ಸಿಗುವುದಿಲ್ಲ ಎಂದು ಟೀಚರಿಗೆ ಗೊತ್ತಿತ್ತು, ಆದ್ದರಿಂದ ಅವರು ಕಾಯಲಿಲ್ಲ. ಸೋಮವಾರ ಮಧ್ಯಾಹ್ನ ಮೂರನೇ ತರಗತಿಯ ಕೊನೆಯ ಮಗುವಿನ ಹಿಂದೆ, ಡಬ್ಬಿಯಿಲ್ಲದೆ ಬರಿಗೈಯಲ್ಲಿ, ಸಾಲಿನಲ್ಲಿ ನಿಂತರು. ಅವರು ನಿಂತ ಮೇಲೆ ಉಳಿದವರಿಗೂ ನುಗ್ಗಲು ಮುಖವಿರಲಿಲ್ಲ.

"ಬ್ಯಾಂಕಲ್ಲಿ ಸಾಲಕ್ಕೆ ನಿಂತಿದ್ದೆ ಕಣಮ್ಮ," ಎಂದು ಪಂಡಿತರು ಹಿಂದಿನಿಂದ ಗೊಣಗಿದರು, "ನಿಮ್ಮಿಂದ ಈ ವಯಸ್ಸಲ್ಲಿ ಸಾಲಲ್ಲೂ ನಿಂತೆ." ಉಳಿದ ಟೀಚರುಗಳು ಗೊಣಗಲೂ ಇಲ್ಲ, ಮಾತೇ ಬಿಟ್ಟಿದ್ದರು.

ಹೆಡ್ ಮೇಡಂ ಸಂಜೆ ಕರೆಸಿದರು. ಟೀಚರು ಸಿದ್ಧವಾಗಿಯೇ ಹೋದರು.

"ಆ ಪಿರಿಯಡ್ಡು ಬೇರೆಯವರಿಗೆ ಕೊಡೋಣ ಅಂತ ಎಲ್ಲರನ್ನೂ ಕೇಳಿದೆ," ಎಂದರು ಹೆಡ್ ಮೇಡಂ, ಪೆನ್ನಿನ ಮುಚ್ಚಳ ಹಾಕುತ್ತಾ, ತೆಗೆಯುತ್ತಾ. "ಒಬ್ಬರೂ ಒಪ್ತಿಲ್ಲ. ಆ ಮಕ್ಕಳು ನಮ್ಮನ್ನೂ ಅಳೆದು ಬಿಡ್ತಾರೆ, ಬೇಡ ಅಂತಾರೆ. ನೀವೇ ಇಟ್ಕೊಳ್ಳಿ. ಆದ್ರೆ ಮುಂದಿನ ಪ್ರಾಜೆಕ್ಟು ಸ್ವಲ್ಪ ಹಗುರವಾಗಿರಲಿ. ಎಲೆ, ಹೂವು, ಚಿಟ್ಟೆ, ಆ ಥರ."

"ನಾನು ಆರಿಸೋದಲ್ಲ ಮೇಡಂ. ನೀವೇ ಹೇಳಿದ್ರಲ್ಲ, ಮಕ್ಕಳೇ ಪ್ರಶ್ನೆ ಕೇಳ್ತಾರೆ ಅಂತ."

ಮರುದಿನ ಅವರು ತರಗತಿಗೆ ಕಾಲಿಡುವ ಮೊದಲೇ ಪ್ರಶ್ನೆಪತ್ರಿಕೆ ಎದ್ದು ನಿಂತಿದ್ದಳು. ಗೋಡೆಯ ಮೇಲಿನ ಹಾಳೆಯಲ್ಲಿ ಉದ್ದದ ಕಂಬದ ಕೆಳಗೆ ಯಾರೋ ಸೊಟ್ಟ ಅಕ್ಷರದಲ್ಲಿ "ಟೀಚರ್‌ಗಳು" ಎಂದು ಪೂರ್ತಿ ಬರೆದಿದ್ದರು.

"ಮಿಸ್, ಹೊಸ ಪ್ರಶ್ನೆ. ಎಲ್ಲರೂ ಕೈ ಎತ್ತಿ ಆರಿಸಿದೀವಿ. ಬೆಳಿಗ್ಗೆ ಪ್ರಾರ್ಥನೆ ಆದ್ಮೇಲೆ ಹೆಡ್ ಮೇಡಂ ಮಾತಾಡ್ತಾರಲ್ಲ, ಅದು ಎಷ್ಟು ಹೊತ್ತಾದ ಮೇಲೆ ಮಕ್ಕಳು ಕೇಳೋದು ನಿಲ್ಲಿಸ್ತಾರೆ?"

ಟೀಚರು ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿದರು. ಎಲೆ, ಹೂವು, ಚಿಟ್ಟೆ. ಇಡೀ ಪ್ರಪಂಚದಲ್ಲಿ ಎಷ್ಟೊಂದು ಚಿಟ್ಟೆಗಳಿವೆ.

"ಕೇಳೋದು ನಿಲ್ಲಿಸಿದ್ರು ಅಂತ ಹೇಗೆ ಗೊತ್ತಾಗತ್ತೆ?" ಎಂದರು, ಕಣ್ಣು ಬಿಡದೆಯೇ. "ಮೊದಲು ಅದನ್ನ ಹೇಳಿ. ಸುಮಾರಾಗಿ ಅಲ್ಲ."